ಸಣ್ಣ ಹಿತ್ತಿಲಿಗೆ ಯಾವ ಹೆಬ್ಬಾತು ತಳಿ ಸರಿ?

ಹಿತ್ತಿಲಗುಬ್ಬಿ:
ಮನೆ ಹಿಂದೆ 12 ಮೀಟರ್ ಉದ್ದ, 7 ಮೀಟರ್ ಅಗಲದ ಜಾಗ ಇದೆ. ಅರ್ಧದಷ್ಟು ಹುಲ್ಲು, ಒಂದಿಷ್ಟು ಸಿಮೆಂಟ್ ನೆಲ, ಉಳಿದದ್ದು ತರಕಾರಿ ಮಡಿ. ಎರಡು ಕಡೆ ಪಕ್ಕದ ಮನೆಯವರ ಮಲಗುವ ಕೋಣೆಯ ಕಿಟಕಿಗಳು. ಕೋಳಿ ಸಾಕಿ ಅಭ್ಯಾಸವಿದೆ, ಜಲಪಕ್ಷಿ ಹೊಸದು. ಉದ್ದೇಶ ಮಾಂಸವಲ್ಲ, ಮೊಟ್ಟೆ ಸಿಕ್ಕರೆ ಸಂತೋಷ. ಎಂಬ್ಡನ್, ಚೈನೀಸ್, ಪಿಲ್ಗ್ರಿಮ್ ಈ ಮೂರರಲ್ಲಿ ಯಾವುದು ಹೊಂದುತ್ತದೆ? ಎಷ್ಟು ಹಕ್ಕಿ ತರಬೇಕು, ಗಂಡು ಬೇಕೇ ಬೇಕಾ? ಕೊಳ ಇಲ್ಲದೆ ನಡೆಯುತ್ತದಾ? ಕೋಳಿಗಳ ಗೂಡು, ಕೋಳಿ ಫೀಡ್ ಇವಕ್ಕೂ ಆಗುತ್ತದಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಬಿಳಿಗರಿ:
ಕಿಟಕಿಗಳ ವಿಷಯ ಹೇಳಿದಿರಲ್ಲ, ನಿಮ್ಮ ಆಯ್ಕೆ ಅಲ್ಲಿಂದಲೇ ಶುರುವಾಗಬೇಕು. ಮೊಟ್ಟೆ ಬೇಕೆಂದರೆ ಎಲ್ಲರೂ ಚೈನೀಸ್ ಹೇಳುತ್ತಾರೆ. ವರ್ಷಕ್ಕೆ 40–60 ಮೊಟ್ಟೆ ಇಡುತ್ತದೆ, ಹಗುರ ಮೈ (ಗಂಡು 5.5 ಕಿಲೋ ಆಸುಪಾಸು), ಕಳೆ ಮೇಯುವುದರಲ್ಲಿ ಚುರುಕು. ಆದರೆ ಗಂಟಲು ಮಾತ್ರ ವಿಪರೀತ. ಗೇಟು ಸದ್ದಾದರೆ, ಬೆಕ್ಕು ಗೋಡೆ ಏರಿದರೆ, ರಾತ್ರಿ ಬೀದಿ ದೀಪದಲ್ಲಿ ನೆರಳು ಅಲುಗಾಡಿದರೆ ಸಾಕು, ಬೀದಿಯೆಲ್ಲ ಎದ್ದು ಕೂರುವಂತೆ ಕೂಗುತ್ತದೆ. ಆಫ್ರಿಕನ್ ತಳಿಯದೂ ಇದೇ ಕಥೆ. ಎರಡೂ ಏಷ್ಯಾದ ಹಂಸಬಾತಿನ ಸಂತತಿ.

ಎಂಬ್ಡನ್ ಚೈನೀಸ್‌ನಷ್ಟು ಗಲಾಟೆ ಮಾಡುವುದಿಲ್ಲ, ಆದರೆ ಗಂಡು 9 ಕಿಲೋ ದಾಟುತ್ತದೆ. ಅಷ್ಟು ಭಾರ ಹೊತ್ತು ದಿನವೂ ಸಿಮೆಂಟ್ ಮೇಲೆ ನಡೆದರೆ ಅಂಗಾಲು ಒಡೆದು, ಒಳಗೆ ಕೀವು ಗಟ್ಟಿಯಾಗಿ ಕುಂಟು ಹಿಡಿಯುತ್ತದೆ. ತಿನ್ನುವುದೂ ಹಿಕ್ಕೆ ಹಾಕುವುದೂ ಅದೇ ಪ್ರಮಾಣದಲ್ಲಿ.

ನನ್ನ ಓಟು ಪಿಲ್ಗ್ರಿಮ್‌ಗೆ. ಸುಮಾರು 6 ಕಿಲೋದ ಮಧ್ಯಮ ಗಾತ್ರ, ಸೌಮ್ಯ ಸ್ವಭಾವ. ದೊಡ್ಡ ಅನುಕೂಲವೆಂದರೆ ಗಂಡು ಹೆಣ್ಣು ಬಣ್ಣದಲ್ಲೇ ತಿಳಿಯುತ್ತದೆ: ಬೆಳೆದ ಗಂಡು ಬಿಳಿ, ಹೆಣ್ಣು ಬೂದು. ಮರಿಯಲ್ಲೂ ಹೆಣ್ಣಿನ ಮೈ, ಕೊಕ್ಕು ಎರಡೂ ಕಪ್ಪು ಛಾಯೆಯಲ್ಲಿರುತ್ತವೆ. ಪೂರ್ತಿ ಬಿಳಿ ಹಕ್ಕಿಯನ್ನು ತೋರಿಸಿ "ಪಿಲ್ಗ್ರಿಮ್ ಹೆಣ್ಣು" ಅಂದರೆ ಅದು ಮಿಶ್ರತಳಿ, ಬಿಟ್ಟುಬಿಡಿ. ಅಪರೂಪದ ತಳಿ, ಸಿಗಲಿಲ್ಲವೆಂದರೆ ರೋಮನ್ ನೋಡಿ. ಚಿಕ್ಕ ಮೈ, ಸಾಕಷ್ಟು ಶಾಂತ.

ಎಷ್ಟು ಎಂದರೆ ಎರಡು, ಎರಡೂ ಹೆಣ್ಣು. ಒಂಟಿ ಹಕ್ಕಿ ತರಲೇಬೇಡಿ, ಜೊತೆಗಾಗಿ ದಿನವಿಡೀ ಕೂಗುತ್ತದೆ. ಮೊಟ್ಟೆ ಇಡಲು ಗಂಡು ಬೇಕಿಲ್ಲ, ಮರಿ ಬೇಕಿದ್ದರೆ ಮಾತ್ರ ಬೇಕು. ಬೆದೆಯ ಕಾಲದಲ್ಲಿ ಗಂಡು ಕತ್ತು ನೆಲಕ್ಕೆ ಚಾಚಿ ಬುಸುಗುಟ್ಟುತ್ತಾ ಮೈಮೇಲೆ ಬರುತ್ತದೆ. 84 ಚದರ ಮೀಟರ್ ಜಾಗದಲ್ಲಿ ನೀವು ಪಕ್ಕಕ್ಕೆ ಸರಿಯಲು ಎಡೆ ಇರುವುದಿಲ್ಲ, ಮಕ್ಕಳಿದ್ದರಂತೂ ಕಷ್ಟ.

ತರುವ ಮೊದಲು ನಿಮ್ಮ ನಗರಾಡಳಿತದ ನಿಯಮ ನೋಡಿ. ಮನೆಯಿಂದ ಗೂಡಿಗೆ ಇಷ್ಟು ಅಂತರ, ಇಷ್ಟೇ ಹಕ್ಕಿ ಎಂಬ ಮಿತಿ ಹಲವು ಕಡೆ ಇರುತ್ತದೆ. ಪಕ್ಕದವರಿಗೂ ಮೊದಲೇ ಒಂದು ಮಾತು ಹೇಳಿಡಿ. ಹೆಬ್ಬಾತು 15–20 ವರ್ಷ ಬದುಕುವ ಜೀವ.

ಕೆರೆದಂಡೆ:
ತಳಿ ವಿಷಯದಲ್ಲಿ ಬಿಳಿಗರಿ ಅವರ ಮಾತು ಒಪ್ಪುತ್ತೇನೆ. ಆದರೆ ಹಿತ್ತಿಲು ಹಾಳಾಗುವುದು ತಳಿಯಿಂದಲ್ಲ, ನೀರಿನಿಂದ.

ಕೊಳ ಕಡ್ಡಾಯವಲ್ಲ. ಕಡ್ಡಾಯವಾದದ್ದು ತಲೆ ಪೂರ್ತಿ ಮುಳುಗುವಷ್ಟು ಆಳದ ನೀರು, ಕನಿಷ್ಠ 15–20 ಸೆಂಮೀ. ಕೊಕ್ಕು ಕಣ್ಣಿನವರೆಗೆ ಅದ್ದಿ, ಮೂಗಿನ ಹೊಳ್ಳೆಯಿಂದ ಗುಳುಗುಳು ಗುಳ್ಳೆ ಬಿಟ್ಟು, ತಲೆ ಕೊಡವುತ್ತದೆ ನೋಡಿ, ಹೊಳ್ಳೆ ಮತ್ತು ಕಣ್ಣು ಶುದ್ಧವಾಗುವುದು ಹಾಗೆ. ಕೋಳಿಯ ತಟ್ಟೆಯಲ್ಲಿ ನೀರಿಟ್ಟರೆ ಕೆಲವೇ ದಿನದಲ್ಲಿ ಕಣ್ಣಂಚಿಗೆ ನೊರೆಯಂಥ ಅಂಟು ಕಟ್ಟುತ್ತದೆ.

ಬಕೆಟನ್ನು ನೇರ ಮಣ್ಣಿನ ಮೇಲಿಟ್ಟರೆ ಒಂದೇ ವಾರಕ್ಕೆ ಅಲ್ಲಿ ಕೆಸರುಗುಂಡಿ. ಒಂದು ಮೀಟರ್ ಚೌಕದಲ್ಲಿ 20–25 ಸೆಂಮೀ ಅಗೆದು ಜಲ್ಲಿ ತುಂಬಿ, ಮೇಲೆ ಗಟ್ಟಿ ಜಾಲರಿ ಕೂರಿಸಿ, ಅದರ ಮೇಲೆ ಬಕೆಟ್ ಇಡಿ. ಚೆಲ್ಲಿದ ನೀರು ಕೆಳಗಿಳಿಯುತ್ತದೆ, ಕಾಲು ಒಣಗಿರುತ್ತದೆ.

ಸ್ನಾನಕ್ಕೆ 150–200 ಲೀಟರ್‌ನ ಟಬ್ ಸಾಕು. ತಳದಲ್ಲಿ ಅಗಲ ಬಾಯಿಯ ವಾಲ್ವ್ ಹಾಕಿಸಿ. ಸಣ್ಣ ನಲ್ಲಿ ಹಾಕಿದರೆ ಗರಿ, ಹಿಕ್ಕೆ ಸೇರಿ ಕಟ್ಟಿಕೊಳ್ಳುತ್ತದೆ. ಮೀನಿನ ತೊಟ್ಟಿಯ ಫಿಲ್ಟರ್ ಇಲ್ಲಿ ಒಂದು ದಿನವೂ ತಾಳುವುದಿಲ್ಲ. ಎರಡು ದಿನಕ್ಕೊಮ್ಮೆ, ಬಿಸಿಲು ಜೋರಿದ್ದರೆ ದಿನವೂ ಖಾಲಿ ಮಾಡಿ. ಬೆಚ್ಚಗಿನ ನಿಂತ ನೀರಿನಲ್ಲಿ ಕೊಳೆತದ್ದು ಸೇರಿದರೆ ಬಾಟುಲಿಸಂ (ಬ್ಯಾಕ್ಟೀರಿಯಾದ ವಿಷದಿಂದ ಬರುವ ಪಾರ್ಶ್ವವಾಯು) ಬರುತ್ತದೆ, ಮೊದಲು ಕಾಲು, ಆಮೇಲೆ ಕತ್ತು ಬಿದ್ದುಹೋಗುತ್ತದೆ. ಹೊರಚೆಲ್ಲುವ ನೀರು ಮರದ ಬುಡಕ್ಕೆ ಒಳ್ಳೆಯ ಗೊಬ್ಬರ. ಹಸಿಯಾಗಿ ತಿನ್ನುವ ಸೊಪ್ಪಿನ ಮಡಿಗೆ ಮಾತ್ರ ಬಿಡಬೇಡಿ.

ಗೂಡು ಕೋಳಿಯದ್ದು ಬೇಡ. ಇವು ಹಾಸು ಒದ್ದೆ ಮಾಡುತ್ತವೆ, ಕೋಳಿಗೆ ಆ ತೇವ ಉಸಿರಾಟದ ರೋಗ ತರುತ್ತದೆ. ಎರಡು ಹಕ್ಕಿಗೆ 1.5 × 1.2 ಮೀಟರ್, ಎತ್ತರ 1 ಮೀಟರ್, ಬಾಗಿಲು 60 ಸೆಂಮೀ ಅಗಲ. ಕೂರುವ ಕೋಲು ಬೇಡ, ನೆಲದಲ್ಲೇ ಮಲಗುತ್ತವೆ. 10 ಸೆಂಮೀ ಒಣಹುಲ್ಲಿನ ಹಾಸು ಹಾಕಿ. ಗಾಳಿಕಿಂಡಿ ಹಕ್ಕಿಯ ತಲೆಗಿಂತ ಮೇಲಿರಲಿ, ಅದಕ್ಕೆ 12 ಮಿಮೀ ಕಣ್ಣಿನ ವೆಲ್ಡ್ ಜಾಲರಿ. ಕೋಳಿ ಜಾಲರಿಯನ್ನು ನಾಯಿ ಹರಿದುಬಿಡುತ್ತದೆ. ಬೀದಿ ದೀಪದ ಕಡೆಗೆ ಕಿಂಡಿ ಇಡದಿದ್ದರೆ ರಾತ್ರಿಯ ಕೂಗು ಬಹಳಷ್ಟು ಇಳಿಯುತ್ತದೆ. ಬೆಳಿಗ್ಗೆ ಪಕ್ಕದವರು ಏಳುವ ಹೊತ್ತಿಗೆ ಬಾಗಿಲು ತೆಗೆಯಿರಿ, ಅದಕ್ಕೂ ಮುಂಚೆ ಬೇಡ.

ಕಾಳುಮೇವು:
ಫೀಡ್ ಬಗ್ಗೆ ಯಾರೂ ಹೇಳಲಿಲ್ಲ. ಮರಿ ತರುವುದಾದರೆ ಇದೇ ಮುಖ್ಯ.

ಕೋಳಿಮರಿ ಸ್ಟಾರ್ಟರ್‌ನಲ್ಲಿ (ಎಳೆ ಮರಿಗಳ ಫೀಡ್) ನಯಾಸಿನ್ ಎಂಬ ಬಿ ವಿಟಮಿನ್ ಇವಕ್ಕೆ ಸಾಲುವುದಿಲ್ಲ. ಕಾಲು ಬಿಲ್ಲಿನಂತೆ ಬಾಗಿ, ಮಂಡಿಯ ಮೇಲೆ ಕೂತುಬಿಡುತ್ತವೆ. ಜಲಪಕ್ಷಿ ಫೀಡ್ ಸಿಗದಿದ್ದರೆ ಕಿಲೋಗೆ ಸುಮಾರು 50 ಗ್ರಾಂ ಬ್ರೂವರ್ಸ್ ಯೀಸ್ಟ್ ಬೆರೆಸಿ. ಮೊದಲ ಮೂರು ವಾರ 20% ಪ್ರೋಟೀನ್, ಆಮೇಲೆ 15–16%ಕ್ಕೆ ಇಳಿಸಿ, ಹುಲ್ಲು ಹೆಚ್ಚಿಸಿ. ಇಳಿಸದಿದ್ದರೆ ಗರಿ ಬೇಗ ಬೆಳೆದು, ರಕ್ತ ತುಂಬಿದ ಆ ಗರಿಗಳ ಭಾರಕ್ಕೆ ರೆಕ್ಕೆಯ ತುದಿಯ ಕೀಲು ಹೊರಕ್ಕೆ ತಿರುಗುತ್ತದೆ. ಏಂಜೆಲ್ ವಿಂಗ್ ಅನ್ನುವುದು ಇದನ್ನೇ. ತಿರುಗಲು ಶುರುವಾದ ದಿನವೇ ಕಂಡರೆ ರೆಕ್ಕೆಯನ್ನು ಸಹಜವಾಗಿ ಮಡಿಸಿ ಮೃದು ಬ್ಯಾಂಡೇಜ್ ಸುತ್ತಿ 3–5 ದಿನ ಬಿಟ್ಟರೆ ಸರಿಹೋಗುತ್ತದೆ. ದೊಡ್ಡದಾದ ಮೇಲೆ ದಾರಿಯಿಲ್ಲ. ಬ್ರೆಡ್ ಹಾಕುವ ಅಭ್ಯಾಸ ಬೇಡವೇ ಬೇಡ.

ದೊಡ್ಡ ಹಕ್ಕಿಗೆ ನಿಮ್ಮ 40 ಚದರ ಮೀಟರ್ ಹುಲ್ಲು ಸಾಲದು, ಅದನ್ನು ತಿಂಡಿ ಅಂತ ಲೆಕ್ಕ ಹಾಕಿ. ಹುಲ್ಲನ್ನು ಎರಡು ಭಾಗ ಮಾಡಿ, ಎರಡೆರಡು ವಾರಕ್ಕೆ ಬದಲಿಸಿ. ಎತ್ತರ 5–10 ಸೆಂಮೀ ಇರಲಿ, ಉದ್ದ ಬಲಿತ ಹುಲ್ಲು ಗಂಟಲಚೀಲದಲ್ಲಿ ಉಂಡೆ ಕಟ್ಟುತ್ತದೆ. ಜೊತೆಗೆ ತಲೆಗೆ ದಿನಕ್ಕೆ 150–200 ಗ್ರಾಂ ಫೀಡ್, ಸೊಪ್ಪು, ಗ್ರಿಟ್ (ತಿಂದದ್ದನ್ನು ಅರೆಯಲು ನುಂಗುವ ಸಣ್ಣ ಕಲ್ಲು). ಲೇಯರ್ ಫೀಡ್ (ಮೊಟ್ಟೆ ಇಡುವ ಕೋಳಿಗೆಂದು ಸುಣ್ಣದ ಅಂಶ ಹೆಚ್ಚಿಸಿದ ಫೀಡ್) ಮೊಟ್ಟೆಯ ಕಾಲದಲ್ಲಿ ಮಾತ್ರ, ಉಳಿದ ತಿಂಗಳಲ್ಲಿ ಆ ಸುಣ್ಣದ ಅಂಶ ಮೂತ್ರಪಿಂಡಕ್ಕೆ ಹೊರೆ. ಮಡಿಯ ಸುತ್ತ 90 ಸೆಂಮೀ ಬೇಲಿ ಹಾಕದಿದ್ದರೆ ತರಕಾರಿ ಆಸೆ ಬಿಡಿ. ಎಳೆ ಗಿಡದ ತೊಗಟೆಯನ್ನೂ ಸುಲಿಯುತ್ತವೆ.

ಹಿತ್ತಿಲಗುಬ್ಬಿ:
ಎಲ್ಲರಿಗೂ ಧನ್ಯವಾದ. ಹಾಗಾದರೆ ಎರಡು ಹೆಣ್ಣು ಪಿಲ್ಗ್ರಿಮ್, ಅಥವಾ ರೋಮನ್. ಮರಿ ಬದಲು ಬೆಳೆದ ಹಕ್ಕಿ ಕೊಳ್ಳುವುದಾದರೆ ಏನೇನು ನೋಡಬೇಕು?

ಬಿಳಿಗರಿ:
ಮೊದಲು ಕೈಹಾಕದೆ ನಾಲ್ಕು ಹೆಜ್ಜೆ ನಡೆಯಲು ಬಿಡಿ. ಕುಂಟು ಅಲ್ಲೇ ಕಾಣುತ್ತದೆ. ಎರಡೂ ರೆಕ್ಕೆ ಬೆನ್ನಿಗೆ ಅಂಟಿದಂತೆ ಮಡಚಿರಬೇಕು. ಆಮೇಲೆ ಎತ್ತಿ ಅಂಗಾಲು ನೋಡಿ: ನಡುವೆ ಕಪ್ಪು ಗಟ್ಟಿ ಚಕ್ಕೆ, ಸುತ್ತ ಬಿಸಿ ಊತ ಇದ್ದರೆ ಬೇಡ. ಕಣ್ಣು, ಹೊಳ್ಳೆ ಒಣಗಿರಬೇಕು, ಗುದದ ಸುತ್ತಲ ಗರಿ ಚೊಕ್ಕಟವಿರಬೇಕು. ರೋಮನ್ ಆದರೆ ಗಂಡು ಹೆಣ್ಣು ಬಣ್ಣದಲ್ಲಿ ತಿಳಿಯದು. ಗಂಡಿನ ದನಿ ಕೀರಲು, ಹೆಣ್ಣಿನದು ಒರಟು ತಗ್ಗು ದನಿ. ಆದರೂ ಗುದ ಪರೀಕ್ಷೆ ಬಲ್ಲವರಿಂದ ಖಚಿತ ಮಾಡಿಸಿ. ಎರಡನ್ನೂ ಒಂದೇ ಹಿಂಡಿನಿಂದ ತನ್ನಿ, ಪರಸ್ಪರ ಪರಿಚಯವಿಲ್ಲದವು ವಾರಗಟ್ಟಲೆ ಜಗಳವಾಡುತ್ತವೆ.

ಎತ್ತುವಾಗ ಕಾಲು ಹಿಡಿದು ತೂಗಬೇಡಿ, ಕೀಲು ತಪ್ಪುತ್ತದೆ. ರೆಕ್ಕೆ ಒತ್ತಿಹಿಡಿದು, ಹೊಟ್ಟೆಯಡಿ ತೋಳು ತೂರಿಸಿ, ತಲೆ ನಿಮ್ಮ ಬೆನ್ನ ಕಡೆ ಬರುವಂತೆ ಕಂಕುಳಲ್ಲಿ ಹಿಡಿಯಿರಿ. ಮನೆಗೆ ತಂದ ಮೇಲೆ ಮೂರು-ನಾಲ್ಕು ವಾರ ಕೋಳಿಗಳಿಂದ ದೂರ ಇಡಿ, ಅವುಗಳ ನೀರಿನ ಬಕೆಟ್ಟೂ ಬೇರೆ ಇರಲಿ.