ಪೀನಟ್ಸ್ ಸ್ಟ್ರಿಪ್‌ನಲ್ಲಿ ಗೆರೆ ಯಾಕೆ ನಡುಗುತ್ತದೆ?

ಹಳೇಪೇಪರ್:
ನಮಸ್ಕಾರ ಎಲ್ಲರಿಗೂ. ಲೈಬ್ರರಿಯಿಂದ ಮಗಳಿಗೆ ಪೀನಟ್ಸ್ ಅನ್ನೋ ಅಮೆರಿಕದ ಪೇಪರ್ ಕಾಮಿಕ್ ಸ್ಟ್ರಿಪ್‌ನ ಸಂಗ್ರಹ ಎರಡು ತಂದಿದ್ದೆ. ಒಂದು ಐವತ್ತರ ದಶಕದ್ದು, ಇನ್ನೊಂದು ತೊಂಬತ್ತರ ದಶಕದ್ದು. ನಿನ್ನೆ ರಾತ್ರಿ ಊಟಕ್ಕೆ ಕರೆದರೂ ಏಳದೆ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡುತ್ತಿದ್ದಳು. "ಅಪ್ಪಾ, ಈ ಪುಸ್ತಕ ಪ್ರಿಂಟ್ ಸರಿ ಇಲ್ಲ, ಸ್ನೂಪಿ ಬೆನ್ನು ನೋಡು" ಅಂದಳು. ಸ್ನೂಪಿ ಅಂದರೆ ಅದರಲ್ಲಿನ ನಾಯಿ. ನೋಡಿದರೆ ಹೌದು! ಹಳೇದರಲ್ಲಿ ಸ್ಟ್ರಿಪ್‌ನ ಮುಖ್ಯ ಹುಡುಗ ಚಾರ್ಲಿ ಬ್ರೌನ್ ತಲೆ ಒಂದೇ ಬೀಸಿಗೆ ಎಳೆದ ಹಾಗೆ ಗುಂಡಗಿದೆ. ಹೊಸದರಲ್ಲೂ ಅದೇ ತಲೆ, ಆದರೆ ಗೆರೆ ಹೊಂಡ ಬಿದ್ದ ರಸ್ತೆಯಲ್ಲಿ ಬಸ್ಸಿನೊಳಗೆ ಕೂತು ಬರೆದ ಹಾಗಿದೆ.

ಇದು ಬೇಕಂತಲೇ ಮಾಡಿದ್ದಾ? ಅಥವಾ ಕೊನೆಗೆ ಬೇರೆ ಯಾರಾದರೂ ಬರೆಯುತ್ತಿದ್ದರಾ? ಇದನ್ನು ಬರೆದ ಚಾರ್ಲ್ಸ್ ಶುಲ್ಟ್ಜ್ ಬಗ್ಗೆ ನನಗೆ ಗೊತ್ತಿರೋದು ಕಮ್ಮಿ. ಚಿಕ್ಕವನಿದ್ದಾಗ ಮನೆಗೆ ಬರುತ್ತಿದ್ದ ಇಂಗ್ಲಿಷ್ ಪೇಪರಿನಲ್ಲಿ ನೋಡುತ್ತಿದ್ದೆ ಅಷ್ಟೇ, ಅರ್ಧ ಜೋಕು ಅರ್ಥವೇ ಆಗುತ್ತಿರಲಿಲ್ಲ.

ಮಸಿಕುಡಿಕೆ:
ಪ್ರಿಂಟ್ ಸರಿಯಾಗೇ ಇದೆ. ನಡುಗಿದ್ದು ಕೈ. 1981ರಲ್ಲಿ ಶುಲ್ಟ್ಜ್‌ಗೆ ಹೃದಯದ ಬೈಪಾಸ್ ಆಪರೇಷನ್ ಆಯಿತು. ಅಲ್ಲಿಂದಾಚೆ ಕೈ ನಡುಕ ಶುರುವಾಯಿತು, ವರ್ಷ ಹೋದ ಹಾಗೆ ಜಾಸ್ತಿಯಾಯಿತು. ನಿಮ್ಮ ಮಗಳ ಕಣ್ಣು ಭಾರೀ ಚುರುಕು.

ಬೇರೆಯವರು ಬರೆದಿದ್ದರೆ ಗೆರೆ ನೆಟ್ಟಗಿರುತ್ತಿತ್ತು, ಅಲ್ವಾ? ಯಾರೂ ಬರೆಯಲಿಲ್ಲ. 1950ರಿಂದ 2000ದವರೆಗೆ 17,897 ಸ್ಟ್ರಿಪ್, ಎಲ್ಲವೂ ಅವರದೇ. ಜೋಕು ಯೋಚಿಸೋದು, ಪೆನ್ಸಿಲ್ಲಿನಲ್ಲಿ ಗುರುತು ಹಾಕೋದು, ಮಸಿ ಎಳೆಯೋದು, ಕೊನೆಗೆ ಮಾತಿನ ಬಲೂನಿನೊಳಗಿನ ಅಕ್ಷರ ಕೂಡ. ಬೇರೆ ಎಷ್ಟೋ ಸ್ಟ್ರಿಪ್‌ಗಳಲ್ಲಿ ಹೆಸರು ಒಬ್ಬರದು, ಅಕ್ಷರ ಇನ್ನೊಬ್ಬರದು, ಹಿನ್ನೆಲೆಯ ಮರ ಗಿಡ ಮತ್ತೊಬ್ಬರದು. ಐವತ್ತು ವರ್ಷದಲ್ಲಿ ಇವರು ಸರಿಯಾಗಿ ರಜೆ ತಗೊಂಡಿದ್ದು ಒಂದೇ ಸಲ, 1997ರಲ್ಲಿ, 75 ತುಂಬಿದಾಗ, ಐದು ವಾರ.

ನಾನು ಬೋರ್ಡ್ ಬರೆಯುವವನು, ಈಗ ಫ್ಲೆಕ್ಸ್ ಬಂದ ಮೇಲೆ ಕೆಲಸ ಅಷ್ಟಕ್ಕಷ್ಟೇ. ಕೈ ನಡುಗುವ ದಿನ ನಾವು ಮಾಡೋದು ಏನು ಗೊತ್ತಾ? ಉದ್ದ ಗೆರೆ ಬಿಟ್ಟು ತುಂಡು ತುಂಡಾಗಿ ಎಳೆದು ಜೋಡಿಸುತ್ತೇವೆ, ದೂರದಿಂದ ಗೊತ್ತಾಗಲ್ಲ. ಆ ತೊಂಬತ್ತರ ದಶಕದ ಪುಸ್ತಕ ತೆರೆದು ಚಾರ್ಲಿ ಬ್ರೌನ್ ತಲೆಯ ಸುತ್ತ ಬೆರಳಿಟ್ಟು ಹೋಗಿ ನೋಡಿ. ನಡುಗುತ್ತಲೇ ಒಂದೇ ಗೆರೆ ಸುತ್ತು ಹಾಕಿ ಬಂದಿರುತ್ತದೆ. ಮುಚ್ಚಿಡುವ ಪ್ರಯತ್ನ ನನಗಂತೂ ಕಾಣಲ್ಲ. ಮಳೆ, ಹುಲ್ಲು, ಹಿಮ ಬರೆದ ಕಡೆ ಆ ನಡುಕ ಇನ್ನೂ ಚೆನ್ನಾಗಿಯೇ ಕಾಣುತ್ತದೆ, ಇದು ನನ್ನ ಅಭಿಪ್ರಾಯ.

ಇನ್ನೊಂದು ಮಾತು. ಅವರು ಬಳಸುತ್ತಿದ್ದ ನಿಬ್ಬು ಎಸ್ಟರ್‌ಬ್ರೂಕ್ ಕಂಪನಿಯದು. ಆ ಕಂಪನಿ ಬಾಗಿಲು ಹಾಕುತ್ತದೆ ಅಂತ ಗೊತ್ತಾದಾಗ ಉಳಿದ ಸ್ಟಾಕ್ ಪೂರ್ತಿ ಕೊಂಡು ಇಟ್ಟುಕೊಂಡರು. ಎಂತಹ ಆಸಾಮಿ ಅಂತ ಇದರಲ್ಲೇ ಗೊತ್ತಾಗುತ್ತದೆ.

ಶನಿವಾರಸಂತೆ:
ಅವರು ಪೇಪರಿಗೆ ಬಂದ ಕಥೆಯೂ ಚೆನ್ನಾಗಿದೆ. ಹುಟ್ಟಿದ್ದು 1922ರಲ್ಲಿ ಮಿನ್ನಿಯಾಪೊಲಿಸ್‌ನಲ್ಲಿ, ಬೆಳೆದದ್ದು ಪಕ್ಕದ ಸೇಂಟ್ ಪಾಲ್‌ನಲ್ಲಿ. ಅಪ್ಪ ಕ್ಷೌರದಂಗಡಿ ಇಟ್ಟಿದ್ದರು. ಚಾರ್ಲಿ ಬ್ರೌನ್ ಅಪ್ಪನೂ ಅದೇ ಕೆಲಸದವನು. ಚಿತ್ರ ಕಲಿತದ್ದು ಅಂಚೆ ಮೂಲಕ, ಆಮೇಲೆ ಅದೇ ಅಂಚೆ ಶಾಲೆಯಲ್ಲಿ ಮೇಷ್ಟ್ರಾದರು. ಚಾರ್ಲಿ ಬ್ರೌನ್ ಅನ್ನೋದು ಅಲ್ಲಿನ ಸಹೋದ್ಯೋಗಿಯೊಬ್ಬರ ಹೆಸರೇ. ಅಲ್ಲೇ ಅಕೌಂಟ್ಸ್ ನೋಡುತ್ತಿದ್ದ ಹುಡುಗಿಯನ್ನು ಮದುವೆ ಆಗ್ತೀಯಾ ಅಂತ ಕೇಳಿ ಇಲ್ಲ ಅನ್ನಿಸಿಕೊಂಡರು. ಸ್ಟ್ರಿಪ್‌ನಲ್ಲಿ ಚಾರ್ಲಿ ಬ್ರೌನ್ ದೂರದಿಂದಲೇ ನೋಡಿ ಒದ್ದಾಡುವ ಕೆಂಪು ಕೂದಲಿನ ಹುಡುಗಿ ಅವಳೇ.

1943ರಲ್ಲಿ ಸೇನೆಗೆ ಹೊರಡುವ ಹೊತ್ತಿಗೆ ಅಮ್ಮ ಕ್ಯಾನ್ಸರ್‌ನಿಂದ ಸತ್ತರು. ಮತ್ತೊಂದು ನಾಯಿ ಸಾಕಿದರೆ ಸ್ನೂಪಿ ಅಂತ ಕರೆಯೋಣ ಅಂತ ಅಮ್ಮ ಹೇಳಿದ್ದರಂತೆ. ನಾಯಿಯ ಹೆಸರು ಬಂದದ್ದು ಹಾಗೆ.

1947ರಿಂದ ಊರಿನ ಪೇಪರಿಗೆ 'ಲಿಲ್ ಫೋಕ್ಸ್' ಅಂತ ವಾರಕ್ಕೊಂದು ಸಲ ಬರೆಯುತ್ತಿದ್ದರು, ಅದೂ ಮಹಿಳಾ ಪುಟದಲ್ಲಿ. 1950ರಲ್ಲಿ ನ್ಯೂಯಾರ್ಕ್‌ನ ಸಿಂಡಿಕೇಟ್ ಒಪ್ಪಿಕೊಂಡಿತು. ಸಿಂಡಿಕೇಟ್ ಅಂದರೆ ಹೋಲ್‌ಸೇಲ್ ಮಂಡಿ ಇದ್ದ ಹಾಗೆ. ಕಲಾವಿದ ಸರಕು ಅವರಿಗೆ ಕೊಡಬೇಕು, ಅವರು ಊರೂರಿನ ಪೇಪರಿಗೆ ಮಾರುತ್ತಾರೆ. ಆರ್.ಕೆ. ಲಕ್ಷ್ಮಣ್ ಒಂದು ಪೇಪರಿನ ಕಚೇರಿಯಲ್ಲಿ ಕೂತು ಆ ದಿನದ ಸುದ್ದಿಗೆ ಬರೆಯುತ್ತಿದ್ದರು. ಇವರು ಹಲವು ವಾರ ಮುಂಚೆಯೇ ಬರೆದು ಕಳಿಸಬೇಕು, ಹಾಗಾಗಿ ಇವತ್ತಿನ ಸುದ್ದಿ ಹಿಡಿದು ನಗಿಸೋಕೆ ಆಗಲ್ಲ. ಮಕ್ಕಳು, ಬೇಸ್‌ಬಾಲ್, ಗಾಳಿಪಟ ತಿನ್ನುವ ಮರ, ಇವೇ ಗತಿ.

1950ರ ಅಕ್ಟೋಬರ್ 2ರಂದು ಬರೀ ಏಳು ಪೇಪರಿನಲ್ಲಿ ಶುರುವಾಯಿತು. ಮೊದಲ ದಿನವೇ ಒಬ್ಬ ಹುಡುಗ ಚಾರ್ಲಿ ಬ್ರೌನ್‌ನನ್ನು ಹೊಗಳುತ್ತಾ ಹೊಗಳುತ್ತಾ, ಅವನು ಆಚೆ ಹೋದ ಕೂಡಲೇ ಅವನನ್ನು ಕಂಡರೆ ನನಗಾಗಲ್ಲ ಅಂತಾನೆ. ನಾಲ್ಕು ಚೌಕ ಒಂದೇ ಅಳತೆಯವು, ಯಾಕಂದರೆ ಪೇಪರಿನವರು ಅಡ್ಡ ಬೇಕಾದರೆ ಅಡ್ಡ, ಉದ್ದ ಬೇಕಾದರೆ ಉದ್ದ, ಎರಡರ ಮೇಲೆ ಎರಡು ಬೇಕಾದರೆ ಹಾಗೆ ಜೋಡಿಸಿಕೊಳ್ಳಲಿ ಅಂತ. ಜಾಗ ಉಳಿಸೋ ಸ್ಟ್ರಿಪ್ ಅಂತಲೇ ಮಾರಿದರು. 1988ರವರೆಗೆ ಆ ಮನುಷ್ಯ ಅದೇ ನಾಲ್ಕು ಚೌಕದ ಸೈಟಿನಲ್ಲಿ ಮನೆ ಕಟ್ಟಿದ!

ಪೀನಟ್ಸ್ ಅನ್ನೋ ಹೆಸರು ಸಿಂಡಿಕೇಟಿನದು. ಶುಲ್ಟ್ಜ್‌ಗೆ ಅದು ಕೊನೆಯವರೆಗೂ ಹಿಡಿಸಲಿಲ್ಲ. ಸ್ಟ್ರಿಪ್‌ನಲ್ಲಿ ಆ ಹೆಸರಿನವರು ಯಾರೂ ಇಲ್ಲ, ನೋಡಿ ಬೇಕಾದರೆ.

ಉಪ್ಪುಕಾರ:
ಮಸಿಕುಡಿಕೆಯವರೇ, ಒಂದು ತಿದ್ದುಪಡಿ. "ಯಾರೂ ಬರೆಯಲಿಲ್ಲ" ಅನ್ನೋದು ಪೇಪರಿನ ಸ್ಟ್ರಿಪ್‌ಗೆ ಮಾತ್ರ ನಿಜ. ಐವತ್ತು-ಅರವತ್ತರ ದಶಕದಲ್ಲಿ ಬಂದ ಪೀನಟ್ಸ್ ಕಾಮಿಕ್ ಪುಸ್ತಕಗಳಲ್ಲಿ ಬಹುಪಾಲು ಬೇರೆಯವರು ಬರೆದದ್ದು.

ಇನ್ನು ನನ್ನ ತಕರಾರು. ಎಲ್ಲರೂ ಆ ನಡುಗುವ ಗೆರೆಯನ್ನು ಪೂಜೆ ಮಾಡುತ್ತೀರಿ, ಆದರೆ ಅರವತ್ತರ ದಶಕದ ಸ್ಟ್ರಿಪ್ ಮುಂದೆ ಎಂಬತ್ತು-ತೊಂಬತ್ತರದ್ದು ಸಪ್ಪೆ. ಲೂಸಿ ಅನ್ನೋ ಹುಡುಗಿ ಐದು ಸೆಂಟು ತಗೊಂಡು ಮನೋವೈದ್ಯೆಯ ಅಂಗಡಿ ಹಾಕಿದ್ದು, ಅವಳ ತಮ್ಮ ಲೈನಸ್ ಬಿಡದೆ ಹಿಡಿದಿರುವ ಕಂಬಳಿ, ಆ ಕಾಲದಲ್ಲಿ ಒಂದೊಂದೂ ಚುಚ್ಚುತ್ತಿತ್ತು. ಆಮೇಲೆ ಸ್ನೂಪಿ ಟೀ ಶರ್ಟ್, ಲೋಟ, ಇನ್ಶೂರೆನ್ಸ್ ಜಾಹೀರಾತು. 1969ರಲ್ಲಿ ಅಪೊಲೊ 10ರ ಚಂದ್ರನೌಕೆಗೆ ಸ್ನೂಪಿ ಅಂತಲೇ ಹೆಸರಿಟ್ಟರು. ಅಷ್ಟು ದೊಡ್ಡದಾದ ಮೇಲೆ ಇಬ್ಬರು ಸಹಾಯಕರನ್ನು ಇಟ್ಟುಕೊಂಡಿದ್ದರೆ ಏನಾಗುತ್ತಿತ್ತು? ಸುಮ್ನೆ ಹಠ.

ಮಸಿಕುಡಿಕೆ:
ಉಪ್ಪುಕಾರರೇ, ಕಾಮಿಕ್ ಪುಸ್ತಕದ ತಿದ್ದುಪಡಿ ಒಪ್ಪಿದೆ. ಹಠ ಅನ್ನೋದನ್ನೂ ಒಪ್ಪುತ್ತೇನೆ. ಸಪ್ಪೆ ಅನ್ನೋದನ್ನು ಒಪ್ಪಲ್ಲ. ತೊಂಬತ್ತರ ದಶಕದಲ್ಲಿ ಲೈನಸ್‌ನ ತಮ್ಮ ರೀರನ್ ಅಂತ ಒಬ್ಬ ಚಿಲ್ಟಾರಿ ಮುಂದೆ ಬರುತ್ತಾನೆ, ಅವನಿಗೆ ನಾಯಿ ಬೇಕು, ಅಮ್ಮ ಕೊಡಿಸಲ್ಲ, ದಿನಾ ಬಂದು ಚಾರ್ಲಿ ಬ್ರೌನ್ ಹತ್ತಿರ ಸ್ನೂಪಿಯನ್ನು ಆಟಕ್ಕೆ ಕೇಳುತ್ತಾನೆ. ಅದನ್ನು ಒಮ್ಮೆ ಓದಿ.

1999ರ ನವೆಂಬರಿನಲ್ಲಿ ಕ್ಯಾನ್ಸರ್ ಅಂತ ಗೊತ್ತಾಯಿತು, ಡಿಸೆಂಬರಿನಲ್ಲಿ ನಿವೃತ್ತಿ ಹೇಳಿದರು. ದಿನದ ಸ್ಟ್ರಿಪ್ ಜನವರಿ 3ಕ್ಕೆ ನಿಂತಿತು. ಬರೆದಿಟ್ಟಿದ್ದ ಭಾನುವಾರದವು ಇನ್ನೂ ಬರುತ್ತಿದ್ದವು. 2000ದ ಫೆಬ್ರವರಿ 12, ಶನಿವಾರ ರಾತ್ರಿ ಕ್ಯಾಲಿಫೋರ್ನಿಯಾದ ಸಾಂತಾ ರೋಸಾದಲ್ಲಿ ತೀರಿಕೊಂಡರು. ಬೆಳಗಾದರೆ ಪೇಪರಿನಲ್ಲಿ ಕೊನೆಯ ಭಾನುವಾರದ ಸ್ಟ್ರಿಪ್, ಸ್ನೂಪಿ ಟೈಪ್‌ರೈಟರ್ ಮುಂದೆ, ಕೆಳಗೆ ಅವರ ಸಹಿ. ತನ್ನ ನಂತರ ಬೇರೆಯವರು ಹೊಸದಾಗಿ ಬರೆಯೋದು ಬೇಡ ಅಂದಿದ್ದರು. ಇವತ್ತಿಗೂ ಪೇಪರಿನಲ್ಲಿ ಬರುತ್ತಿರೋದು ಹಳೇದೇ.

ಹಳೇಪೇಪರ್:
ಎಲ್ಲರಿಗೂ ಥ್ಯಾಂಕ್ಸ್. ಮಗಳಿಗೆ ಓದಿ ಹೇಳಿದೆ. ಬೆರಳಿಟ್ಟು ನೋಡಿದಳು, ಗೆರೆ ಎಲ್ಲೂ ಕಡಿದಿಲ್ಲ ಅಂತ ವರದಿ. ಅವಳ ಮುಂದಿನ ಪ್ರಶ್ನೆ: ಹಳೇ ಪುಸ್ತಕದ ಶುರುವಿನಲ್ಲಿ ಸ್ನೂಪಿ ನಾಲ್ಕು ಕಾಲಲ್ಲಿ ನಡೆಯುತ್ತದಲ್ಲ, ಎದ್ದು ನಿಂತದ್ದು ಯಾವಾಗ?

ಶನಿವಾರಸಂತೆ:
1956ರಲ್ಲಿ. ಗೂಡಿನ ಸೂರಿನ ಮೇಲೆ ಹತ್ತಿ ಮಲಗಿದ್ದು 1958ರ ಡಿಸೆಂಬರಿನಲ್ಲಿ. ಹಾಗೆ ಮಲಗಿದ ಮೇಲೆ ಮತ್ತೆ ಒಳಗೆ ಹೋದದ್ದು ಕಮ್ಮಿ.