ಸಹಾಯ ಬೇಕು: ಓಟಕ್ಕೆ ಮುಂಚೆ ಸ್ಟ್ರೆಚಿಂಗ್ ಎಷ್ಟು ಹೊತ್ತು?

13–15 ವರ್ಷದ ಓಟಗಾರರ ವಾರ್ಮ್‌ಅಪ್ ಬಗ್ಗೆ ಕೋಚ್‌ಗಳು, ಫಿಸಿಯೋಗಳು ದಯವಿಟ್ಟು ಸಲಹೆ ಕೊಡಿ. ಒಂದೇ ಸ್ನಾಯುವನ್ನು 60 ಸೆಕೆಂಡಿಗಿಂತ ಹೆಚ್ಚು ಎಳೆದು ಹಿಡಿದರೆ ಸ್ವಲ್ಪ ಹೊತ್ತು ಅದರ ಬಲ ತಗ್ಗುತ್ತದೆ. ನರಗಳಿಂದ ಬರುವ ಪ್ರಚೋದನೆ ಕುಗ್ಗುವುದು ಒಂದು ಕಾರಣ. ಹಾಗಾಗಿ ನಮ್ಮ ಈಗಿನ ಕ್ರಮ: 5 ನಿಮಿಷ ಜಾಗಿಂಗ್, ಆಮೇಲೆ ಲೆಗ್ ಸ್ವಿಂಗ್ (ನಿಂತು ಕಾಲನ್ನು ಹಿಂದೆ ಮುಂದೆ ಬೀಸುವುದು), ವಾಕಿಂಗ್ ಲಂಜ್ (ಉದ್ದ ಹೆಜ್ಜೆ ಇಟ್ಟು ಮಂಡಿ ಮಡಚಿ ತಗ್ಗುತ್ತಾ ನಡೆಯುವುದು), ಹೈ ನೀ (ಮಂಡಿ ಎತ್ತರಕ್ಕೆ ಎತ್ತುತ್ತಾ ಓಡುವುದು), ಕೊನೆಗೆ ವೇಗ ಏರಿಸುತ್ತಾ 30 ಮೀಟರಿನ 3 ಓಟ. ಹಿಡಿದು ನಿಲ್ಲುವ ಸ್ಟ್ರೆಚ್ ಏನಿದ್ದರೂ ಅಭ್ಯಾಸ ಮುಗಿದ ಮೇಲೆ.

ತೊಡಕು ಇರುವುದು ದಿಢೀರನೆ ಎತ್ತರ ಬೆಳೆಯುತ್ತಿರುವವರಲ್ಲಿ. ತೊಡೆಯ ಹಿಂಭಾಗ ಬಿಗಿ. ಲೆಗ್ ಸ್ವಿಂಗ್‌ನಲ್ಲಿ ಮಂಡಿ ಮಡಚಿ, ಸೊಂಟ ಬಾಗಿಸಿ ಕಾಲು ಎತ್ತಿದಂತೆ ತೋರಿಸುತ್ತಾರೆ (ಪಕ್ಕದಿಂದ ನೋಡಿದರೆ ಮಾತ್ರ ಗೊತ್ತಾಗುತ್ತದೆ). ಇವರಿಗೆ ಜಾಗಿಂಗ್ ಆದ ಕೂಡಲೇ 15 ಸೆಕೆಂಡಿನ 2 ಸ್ಟ್ರೆಚ್ ಸೇರಿಸಬಹುದೇ? ಸ್ಪರ್ಧೆಯ ದಿನ ಹೆಸರು ಕೂಗುವವರೆಗೆ 20 ನಿಮಿಷ ಕೂರಬೇಕಾದಾಗ ಮೈ ಬಿಸಿ ಆರದಂತೆ ಏನು ಮಾಡಿಸುತ್ತೀರಿ?