ಅಪ್‌ಡೇಟ್: ಅಮ್ಮನ ಸಂಬಳದ ವಿಷಯ, ಕಾನೂನು ವಿದ್ಯಾರ್ಥಿಗಳ ಹತ್ತಿರ ಹೋಗಿದ್ದೆವು

ಅಮ್ಮನಿಗೆ ಮನೆಗೆಲಸದ ಮೂರು ತಿಂಗಳ ಸಂಬಳ ಕೊಟ್ಟಿರಲಿಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲ, ಕಾನೂನು ಕಾಲೇಜಿನವರ ಉಚಿತ ನೆರವನ್ನು ನಂಬಬಹುದಾ ಎಂದು ಕೇಳಿದ್ದೆ. ಧೈರ್ಯ ಹೇಳಿದವರಿಗೆಲ್ಲ ತುಂಬಾ ಥ್ಯಾಂಕ್ಸ್. ಹೋಗಿ ಬಂದೆವು.

ಇನ್ನೂ ಓದುತ್ತಿರುವ ಮಕ್ಕಳು ಏನಾದರೂ ತಪ್ಪು ಮಾಡಿದರೆ ಎನ್ನುವುದೇ ನನ್ನ ಭಯ. ಆದರೆ ಅವರು ತಾವೇ ಏನನ್ನೂ ನಿರ್ಧರಿಸುವುದಿಲ್ಲ. ಸಂಬಳ ಕೊಡಿ ಎಂದು ಆ ಮನೆಯವರಿಗೆ ಅವರು ಬರೆದ ನೋಟಿಸನ್ನು ಜೊತೆಗಿದ್ದ ವಕೀಲರು ಎರಡು ಸಲ ತಿದ್ದಿಸಿ, ಆಮೇಲೆ ಸಹಿ ಹಾಕಿದರು. ಕೋರ್ಟಿಗೆ ಹೋದರೂ ವಾದ ಮಾಡುವವರು ವಕೀಲರೇ ಅಂತ ಮೊದಲೇ ಹೇಳಿದರು.

ಅಮ್ಮ ಮೊದಲು ಬಾಯೇ ಬಿಡಲಿಲ್ಲ. "ನನ್ನ ಹತ್ತಿರ ಯಾವ ಕಾಗದವೂ ಇಲ್ಲ ಮಗಳೇ" ಅಂದರು. ನಮ್ಮ ಕೇಸ್ ನೋಡುತ್ತಿದ್ದ ವಿದ್ಯಾರ್ಥಿನಿ ಅವಸರ ಮಾಡಲಿಲ್ಲ. "ಕೆಲಸಕ್ಕೆ ಹೋದ ದಿನ ಎಲ್ಲಾದರೂ ಗುರುತು ಹಾಕ್ತೀರಾ ಅಮ್ಮಾ?" ಎಂದು ಕೇಳಿದಳು. ಅಮ್ಮ ಗೋಡೆ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಪೆನ್ಸಿಲ್ ಚುಕ್ಕೆ ಇಡುತ್ತಿದ್ದರು! ಮರುದಿನ ತಂದುಕೊಟ್ಟೆ. ಒಂದೊಂದು ಚುಕ್ಕೆಯನ್ನೂ ಎಣಿಸಿ, ಪುಟಗಳ ಫೋಟೋ ತೆಗೆದು ಫೈಲಿಗೆ ಸೇರಿಸಿದಳು. ನಾನು ಅದನ್ನು ಯಾವತ್ತೂ ಸಾಕ್ಷಿ ಅಂದುಕೊಂಡೇ ಇರಲಿಲ್ಲ.

ನೋಟಿಸ್ ಹೋದ ಮೇಲೆ ಎರಡು ತಿಂಗಳ ಸಂಬಳ ಬಂತು. ಉಳಿದದ್ದಕ್ಕೆ ದೂರು ಕೊಡುತ್ತಿದ್ದೇವೆ. ದೂರಿಗೆ ಗಡುವು ಇರುತ್ತದಂತೆ, ಸುಮ್ನೆ ಕಾಯಬೇಡಿ ಅಂದರು.

ಒಂದೇ ಬೇಜಾರು, ಪರೀಕ್ಷೆ ಬಂದು ಆ ಹುಡುಗಿ ನಮ್ಮ ಕೇಸನ್ನು ಬೇರೆಯವರಿಗೆ ಬಿಡಬೇಕಾಯಿತು. ಹೊಸದಾಗಿ ಬಂದ ಹುಡುಗ ಫೈಲ್ ಪೂರ್ತಿ ಓದಿಕೊಂಡೇ ಬಂದಿದ್ದ. ಅಮ್ಮ ಕಥೆಯನ್ನು ಮತ್ತೆ ಹೇಳಬೇಕಾಗಲಿಲ್ಲ.